ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



"ಸಾಫ್ಟ್‌ವೇರ್ ಕ್ಷೇತ್ರದ ಬಗ್ಗೆ, ಮಕ್ಕಳಿಗೆ ಉಪಯೋಗ ಆಗೋ ಹಾಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದು ಸಮಿತಿಯವರು ಫೋನ್ ಮಾಡಿ ಹೇಳಿದ್ದರು. ಸಾಫ್ಟ್‌ವೇರ್ ಬಗ್ಗೆ ಹೇಳುವವರು ನಿಮಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದ್ದರಿಂದ ಸಮಿತಿಯವರ ಕ್ಷಮೆ ಕೇಳಿ, ನಾನು ಇವತ್ತು ಒಂದೇ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಹೋಗಿ ಮುಟ್ಟಲು ಎಷ್ಟು ಹೊತ್ತು ಬೇಕು ಎನ್ನುವ ಲೆಕ್ಕ. ಇದರ ಮೊದಲ ಅರ್ಧವನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ, ಈಗ ಬಿಸಿಯೂಟದ ಅಕ್ಕಿ ಮೂಟೆ ಇಡುತ್ತಾರಲ್ಲ, ಆ ಕೋಣೆಯಲ್ಲಿ. ಉಳಿದ ಅರ್ಧ ಕಲಿಯುವಾಗ ನನಗೆ ಮೂವತ್ತು ವರ್ಷ ಆಗಿತ್ತು.

ಈ ಪ್ರಶ್ನೆ ನನ್ನದಲ್ಲ, ನಮ್ಮ ಅಪ್ಪಯ್ಯನದು. 2014ರಲ್ಲಿ ಕಂಪನಿಯವರು ನನ್ನನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸುವುದು ಗೊತ್ತಾದ ದಿನ ಮನೆಗೆ ಬಂದು ಹೇಳಿದೆ. ಅಪ್ಪಯ್ಯ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ತಲೆ ಎತ್ತದೆ ಕೇಳಿದರು: "ಎಷ್ಟು ದೂರ ಆಗ್ತದೆ?" ನನಗೆ ಉತ್ತರ ಬಾಯಲ್ಲೇ ಇತ್ತು. "ಹದಿನಾಲ್ಕು ಸಾವಿರ ಕಿಲೋಮೀಟರ್" ಎಂದೆ. "ಕಿಲೋಮೀಟರ್ ಯಾರು ಕೇಳಿದ್ರು ಮಾರಾಯ? ಕರೆದರೆ ಎಷ್ಟು ಹೊತ್ತಿಗೆ ಬರ್ತೀಯ?" ಎಂದರು. ನಾನು ಸ್ವಲ್ಪ ಯೋಚನೆ ಮಾಡಿ, "ಒಂದು ದಿನ" ಎಂದೆ. ಅವರು "ಹಾಂ" ಎಂದು ಅಡಿಕೆ ಹರಡುವುದನ್ನು ಮುಂದುವರಿಸಿದರು.

ಮೊದಲು ಕಿಲೋಮೀಟರಿನ ವಿಷಯ ಮುಗಿಸುತ್ತೇನೆ.

ನಾವು ಎಂಟನೇ ತರಗತಿಯಲ್ಲಿದ್ದಾಗ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ದಿನ ಗೋಡೆಯ ಮೇಲಿನ ಪ್ರಪಂಚ ಭೂಪಟದ ಮುಂದೆ ನಮ್ಮನ್ನು ನಿಲ್ಲಿಸಿ, "ಇಲ್ಲಿಂದ ಅಮೆರಿಕದ ಈ ಕರಾವಳಿಗೆ ಹತ್ತಿರದ ದಾರಿ ಯಾವುದು, ತೋರಿಸಿ" ಎಂದರು. ಭೂಪಟದಲ್ಲಿ ಅಮೆರಿಕ ಎಡಗಡೆ, ನಾವು ಬಲಗಡೆ. ನಾವೆಲ್ಲ ಅಡ್ಡ ಗೆರೆ ಎಳೆದೆವು. ಅರಬ್ಬೀ ಸಮುದ್ರ, ಆಫ್ರಿಕಾದ ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕ. ಮೇಷ್ಟ್ರು ಏನೂ ಹೇಳದೆ ಹೆಡ್‌ಮಾಸ್ಟರ ಕೋಣೆಯ ಬೀರುವಿನ ಮೇಲಿಂದ ಗ್ಲೋಬ್ ತರಿಸಿದರು. ಅದರ ಕಾಲು ಮುರಿದಿತ್ತು, ಹಾಗಾಗಿ ಒಬ್ಬ ಅದನ್ನು ಹೊಟ್ಟೆಗೆ ಆತುಕೊಂಡು ನಿಲ್ಲಬೇಕಿತ್ತು. ಆ ಒಬ್ಬ ನಾನೇ. ಮೇಷ್ಟ್ರು ಜೇಬಿನಿಂದ ಚೀಲ ಹೊಲಿಯುವ ದಾರ ತೆಗೆದು ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆದರು. ದಾರ ತಾನಾಗಿ ಮೇಲಕ್ಕೆ ಜಾರಿತು. ಆಫ್ರಿಕಾದ ಕಡೆಗೆ ಹೋಗಲೇ ಇಲ್ಲ. ಛತ್ತೀಸಗಡ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾದು, ಉತ್ತರದ ಹಿಮ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಇಳಿದು ಸ್ಯಾನ್ ಫ್ರಾನ್ಸಿಸ್ಕೋ ಸೇರಿತು.

"ಯಾಕೆ ಸಾರ್ ಹಿಂಗೆ?" ಎಂದು ಯಾರೋ ಕೇಳಿದರು. "ದುಂಡಗಿನ ಕಿತ್ತಳೆಯ ಸಿಪ್ಪೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿದರೆ ಹರಿಯೋದಿಲ್ವಾ? ಹರಿಯಬಾರದು ಅಂತ ಎಳೆದು ಎಳೆದು ಅಂಟಿಸಿದಾರೆ, ಅದಕ್ಕೇ" ಎಂದರು.

ನಮ್ಮ ಗೋಡೆಯ ಮೇಲಿದ್ದ ನಮೂನೆಯ ಭೂಪಟವನ್ನು ಮರ್ಕೇಟರ್ ಎಂಬಾತ 1569ರಲ್ಲಿ ಹಡಗಿನವರಿಗಾಗಿ ಮಾಡಿದ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವವನಿಗೆ ಅದು ಬಹಳ ಅನುಕೂಲ. ಆದರೆ ಧ್ರುವಗಳ ಕಡೆ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು. ನಾವು ಅವತ್ತು ಎಳೆದ ಅಡ್ಡ ಗೆರೆಯ ಉದ್ದ ಎಷ್ಟು ಎಂದು ನಾನು ಆಮೇಲೆ ಲೆಕ್ಕ ಹಾಕಿದ್ದೇನೆ: ಸುಮಾರು 20,000 ಕಿಲೋಮೀಟರ್. ಮೇಷ್ಟ್ರ ದಾರದ ದಾರಿ ಸುಮಾರು 14,000. ಒಂದು ಚೀಲದ ದಾರದಿಂದ ಆರು ಸಾವಿರ ಕಿಲೋಮೀಟರ್ ಉಳಿತಾಯ!

ಗೋಳದ ಮೇಲೆ ಎರಡು ಊರಿನ ನಡುವೆ ಬಿಗಿಯಾಗಿ ಎಳೆದ ದಾರ ಕೂರುವ ಗೆರೆಗೆ ಮಹಾವೃತ್ತ ಎಂದು ಹೆಸರು. ಭೂಮಿಯ ನಡುಮಧ್ಯದಲ್ಲಿ ಹಾಯುವಂತೆ ಕತ್ತರಿಸಿದರೆ ಸಿಗುವ ಅತಿ ದೊಡ್ಡ ವೃತ್ತ ಅದು. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಸೈನ್, ಕೊಸೈನ್ ಗೊತ್ತಲ್ಲ? ಹಾಗಿದ್ದರೆ ದಾರ ಇಲ್ಲದೆಯೂ ಉದ್ದ ಸಿಗುತ್ತದೆ. ಬೆಂಗಳೂರು ನಿಲ್ದಾಣದ ಅಕ್ಷಾಂಶ ಉತ್ತರ 13.2 ಡಿಗ್ರಿ, ರೇಖಾಂಶ ಪೂರ್ವ 77.7. ಸ್ಯಾನ್ ಫ್ರಾನ್ಸಿಸ್ಕೋದ್ದು ಉತ್ತರ 37.6, ಪಶ್ಚಿಮ 122.4. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿ. ಮೊದಲನೆಯದು 0.139, ಎರಡನೆಯದು ಮೈನಸ್ 0.724, ಕೂಡಿದರೆ ಮೈನಸ್ 0.585. ಯಾವ ಕೋನದ ಕೊಸೈನ್ ಮೈನಸ್ 0.585? 125.8 ಡಿಗ್ರಿ. ಅಂದರೆ ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಈ ಎರಡು ಊರಿನ ನಡುವಿನ ಕೋನ ಅಷ್ಟು. ಇನ್ನು ಸುಲಭ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ವಿಮಾನದವರೂ ಹಡಗಿನವರೂ ಈಗಲೂ ಆ ಮೈಲಿಯನ್ನೇ ಬಳಸುವುದು. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿದರೆ 13,979. ಭೂಮಿ ಪೂರ್ತಿ ಗೋಳವಲ್ಲ, ಸ್ವಲ್ಪ ಚಪ್ಪಟೆ. ಆದ್ದರಿಂದ ಒಂದಿಷ್ಟು ಆಚೀಚೆ. 14,000 ಎಂದು ಇಟ್ಟುಕೊಳ್ಳಿ.

ಈ ಲೆಕ್ಕವನ್ನು ನಾನು ಮೊದಲ ಸಲ ಪ್ರೋಗ್ರಾಂ ಮಾಡಿದ್ದು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ. ಕಂಪ್ಯೂಟರ್ 5,170 ಕಿಲೋಮೀಟರ್ ಎಂದಿತು. ಕಂಪ್ಯೂಟರ್ ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಹೋಗಿ ಲೆಕ್ಚರರ್‌ಗೆ ತೋರಿಸಿದೆ. ಅವರು ನಕ್ಕು, "ಅಮೆರಿಕ ಅಷ್ಟು ಹತ್ತಿರ ಇದ್ದರೆ ನಾನು ಇಲ್ಲಿ ಇರ್ತಿದ್ನೇನಯ್ಯ" ಎಂದರು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕುವುದನ್ನು ಮರೆತಿದ್ದೆ. ಆ ಒಂದು ಗೀಟು ಬಿಟ್ಟದ್ದಕ್ಕೆ ನನ್ನ ಸ್ಯಾನ್ ಫ್ರಾನ್ಸಿಸ್ಕೋ ಚೀನಾದ ಪಕ್ಕ ಹಳದಿ ಸಮುದ್ರದಲ್ಲಿ ಬಿದ್ದಿತ್ತು. ಸಾಫ್ಟ್‌ವೇರ್ ಬಗ್ಗೆ ಮಾತಾಡಿ ಎಂದರಲ್ಲ, ಇಷ್ಟೇ ಸಾಫ್ಟ್‌ವೇರ್. ಈಗಲೂ ನಮಗೆ ಸಂಬಳ ಕೊಡುವುದು ಇಂಥ ಗೀಟು ಹುಡುಕುವುದಕ್ಕೆ.

ದೂರ ಗೊತ್ತಾಯಿತು, ಇನ್ನು ಹೊತ್ತು. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಹಾಗಾದರೆ ಹೋಗುವಾಗಲೂ ಹದಿನೈದೂವರೆ, ಬರುವಾಗಲೂ ಹದಿನೈದೂವರೆ ಆಗಬೇಕಲ್ಲ? ಆಗುವುದಿಲ್ಲ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ. ನಿಮ್ಮ ಗಣಿತ ಪುಸ್ತಕದಲ್ಲಿ ದೋಣಿ ಮತ್ತು ಪ್ರವಾಹದ ಲೆಕ್ಕ ಇದೆಯಲ್ಲ, ಅದೇ ಇದು. ಗಂಟೆಗೆ ನೂರು ಕಿಲೋಮೀಟರಿನ ಗಾಳಿ ಹಿಂದಿನಿಂದ ತಳ್ಳಿದರೆ ಹದಿನಾಲ್ಕು ಗಂಟೆ, ಎದುರಿಗೆ ಬಂದರೆ ಹದಿನೇಳೂವರೆ ಗಂಟೆ. ಅದಕ್ಕೇ ಅಮೆರಿಕದಿಂದ ಬರುವುದು ಹೋಗುವುದಕ್ಕಿಂತ ನಿಧಾನ. ಪೈಲಟ್‌ಗಳು ದಾರದ ಗೆರೆ ಬಿಟ್ಟು ಗಾಳಿ ಅನುಕೂಲ ಇರುವ ಕಡೆ ಬಳಸಿ ಹೋಗುವುದೂ ಉಂಟು. ಕಿಲೋಮೀಟರ್ ಜಾಸ್ತಿ, ಹೊತ್ತು ಕಡಿಮೆ.

ಗೆರೆ ಬಿಡುವುದಕ್ಕೆ ಇನ್ನೂ ಕಾರಣಗಳಿವೆ. ಯಾವ ದೇಶ ತನ್ನ ಆಕಾಶ ಬಿಟ್ಟುಕೊಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದು ಒಂದು. ಎಂಜಿನ್ ಕೈಕೊಟ್ಟರೆ ಇಳಿಯಲು ಹತ್ತಿರದಲ್ಲಿ ಜಾಗ ಇದೆಯೇ ಎಂಬುದು ಇನ್ನೊಂದು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಜನ ಪ್ರಯಾಣಿಕರು. ಅಷ್ಟು ಜನಕ್ಕೆ ಹೋಟೆಲ್ ಸಾಲದೆ ಕೆಲವರನ್ನು ಅಲ್ಲಿನ ಶಾಲೆಯಲ್ಲಿ ಮಲಗಿಸಿದರು. ನಮ್ಮಲ್ಲಿ ನೆರೆ ಬಂದಾಗ ಮಾಡುವುದಿಲ್ಲವೇ, ಹಾಗೆಯೇ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಅಪ್ಪಯ್ಯ ಕೇಳಿದ್ದಕ್ಕೆ "ಒಂದು ದಿನ" ಎಂದದ್ದು ಈ ಲೆಕ್ಕದ ಧೈರ್ಯದ ಮೇಲೆಯೇ.

2018ರ ಡಿಸೆಂಬರ್. ನಾನು ಸ್ಯಾನ್ ಹೋಸೆಯಲ್ಲಿದ್ದೆ, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಒಂದು ಗಂಟೆಯೊಳಗಿನ ದಾರಿ. ಗುರುವಾರ ಸಂಜೆ ಆರು ಗಂಟೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ, ಅಂದರೆ ಇಲ್ಲಿ ಶುಕ್ರವಾರ ಬೆಳಿಗ್ಗೆ ಏಳೂವರೆ. ಇಲ್ಲಿಂದ ಮುಂದೆ ನಮ್ಮ ಭಾರತದ ಗಡಿಯಾರದಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ. ಅಮ್ಮ ಫೋನ್ ಮಾಡಿದರು. ಅಪ್ಪಯ್ಯ ಬೆಳಗಿನ ಜಾವ ಅಡಿಕೆ ಬೇಯಿಸುವ ಒಲೆ ಹತ್ತಿಸಲು ಹೋದವರು ಹಂಡೆಯ ಪಕ್ಕವೇ ಕುಸಿದಿದ್ದಾರೆ, ಭಾವ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಅಮ್ಮನ ಧ್ವನಿ ಗಟ್ಟಿಯಾಗೇ ಇತ್ತು. "ಗಾಬರಿ ಆಗಬೇಡ ಪುಟ್ಟಾ. ಡಾಕ್ಟ್ರು ನೋಡ್ತಾರೆ. ನೀನು ಕೆಲಸ ಬಿಟ್ಟು ಅವಸರದಲ್ಲಿ ಓಡಿ ಬರೋದೇನೂ ಬೇಡ."

ಇಲ್ಲಿ ಕೂತಿರುವ ತಾಯಂದಿರಿಗೆ ಈ ಮಾತಿನ ಅರ್ಥ ಗೊತ್ತಿದೆ. ನನಗೂ ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ. ಆದರೆ ಅವತ್ತು ರಾತ್ರಿ ನಮ್ಮ ತಂಡದ ಒಂದು ಕೆಲಸ ಮುಗಿಸಿ ಗ್ರಾಹಕರಿಗೆ ಒಪ್ಪಿಸುವುದಿತ್ತು. ಮೂರು ತಿಂಗಳಿಂದ ಅದಕ್ಕಾಗಿ ದುಡಿದಿದ್ದೆ. ಅಮ್ಮನ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದರೆ ನನಗೆ ಅನುಕೂಲ. ನಂಬಿದೆ.

ಇದನ್ನು ಎಲ್ಲಿಯೂ ಹೇಳಿರಲಿಲ್ಲ. ಅಮ್ಮ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಮೊನ್ನೆ ರಾತ್ರಿ ಅವರಿಗೆ ಹೇಳಿದ ಮೇಲೆ ಇಲ್ಲಿ ಹೇಳುತ್ತಿದ್ದೇನೆ. ಅಮ್ಮನ ಕರೆ ಬಂದ ಒಂದು ಗಂಟೆಯಲ್ಲಿ ನಾನು ಫೋನಿನಲ್ಲಿ ವಿಮಾನ ನೋಡಿದ್ದೆ. ಅವತ್ತೇ ರಾತ್ರಿ ಅಲ್ಲಿನ ಹನ್ನೊಂದಕ್ಕೆ ಸಿಂಗಪುರದ ಮೇಲೆ ಬೆಂಗಳೂರಿಗೆ ಬರುವ ವಿಮಾನ ಇತ್ತು. ಸೀಟೂ ಇತ್ತು. ಸ್ಕ್ಯಾನ್ ರಿಪೋರ್ಟ್ ಬರಲಿ, ನೋಡಿಕೊಂಡು ಬುಕ್ ಮಾಡೋಣ ಎಂದು ಆ ಪುಟ ಮುಚ್ಚಿ ಲ್ಯಾಪ್‌ಟಾಪ್ ತೆರೆದೆ.

ಸಂಜೆ ಆರೂವರೆಗೆ ಭಾವ ಫೋನ್ ಮಾಡಿದರು. ಅಲ್ಲಿ ಆಗ ನಸುಕಿನ ಐದು. ಭಾವ ಮಾತು ಸುತ್ತಿ ಬಳಸುವವರಲ್ಲ. "ಮಿದುಳಲ್ಲಿ ರಕ್ತಸ್ರಾವ ಆಗಿದೆ. ಹೊರಟು ಬಾ" ಎಂದರು. ಆಗ ಬೆಂಗಳೂರಿಗೆ ನೇರ ವಿಮಾನ ಇರಲಿಲ್ಲ. ಬೇಗ ಸಿಕ್ಕಿದ್ದು ದುಬೈ ಮೇಲೆ ಬರುವುದು, ಅಲ್ಲಿನ ಸಂಜೆ ನಾಲ್ಕಕ್ಕೆ, ಅಂದರೆ ಇಲ್ಲಿ ಶನಿವಾರ ನಸುಕಿನ ಐದೂವರೆಗೆ.

ಗ್ಲೋಬಿನ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ ದಾರ ಎಳೆದರೆ ಅದು ಉತ್ತರ ಧ್ರುವದಿಂದ ಬರೀ 200 ಕಿಲೋಮೀಟರ್ ಆಚೆ ಹಾಯುತ್ತದೆ. ಎರಡೂ ಊರು ಹೆಚ್ಚುಕಡಿಮೆ ಭೂಮಿಯ ಎದುರುಬದುರು ರೇಖಾಂಶದಲ್ಲಿವೆ. ಬೇರೆ ಯಾವ ದಿನವಾದರೂ ನಾನು ಕಿಟಕಿಗೆ ಮುಖ ಒತ್ತಿಕೊಂಡೇ ಕೂರುತ್ತಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕಿಟಕಿ ಪೂರ್ತಿ ಕಪ್ಪು. ಎದುರಿನ ಸೀಟಿನ ಬೆನ್ನಿಗೆ ಅಂಟಿದ ಸಣ್ಣ ಪರದೆಯಲ್ಲಿ ವಿಮಾನದ ಚಿತ್ರ ಇರುವೆಯ ಹಾಗೆ ಹರಿಯುತ್ತಿತ್ತು. ತಲುಪಲು ಒಂಬತ್ತು ಗಂಟೆ ನಲವತ್ತು ನಿಮಿಷ. ಒಂಬತ್ತು ಗಂಟೆ ಮೂವತ್ತೆಂಟು ನಿಮಿಷ. ಹಾಗೆಯೇ ನೋಡುತ್ತ ಕೂತಿದ್ದೆ.

ದುಬೈ ಮುಟ್ಟಿದಾಗ ಶನಿವಾರ ರಾತ್ರಿ ಒಂಬತ್ತು ದಾಟಿತ್ತು. ಮುಂದಿನ ವಿಮಾನ ಏಳು ಗಂಟೆ ಬಿಟ್ಟು. ಅಪ್ಪಯ್ಯ ಇನ್ನೂ ಇದ್ದಾರೆ ಎಂದು ಅಕ್ಕ ಹೇಳಿದಳು. ಅವರ ಕಿವಿಯ ಹತ್ತಿರ ಫೋನ್ ಹಿಡಿದಳು, ನಾನು "ಬರ್ತಾ ಇದೀನಿ ಅಪ್ಪಯ್ಯ, ದುಬೈಲಿದೀನಿ" ಎಂದೆ. ಅವರಿಗೆ ಪ್ರಜ್ಞೆ ಇರಲಿಲ್ಲ. ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಹೋದರು. ನಾನು ಆಗಲೂ ದುಬೈಯಲ್ಲೇ, ಗೇಟಿನ ಮುಂದಿನ ಕುರ್ಚಿಯಲ್ಲೇ ಇದ್ದೆ. ಬೆಂಗಳೂರಿಗೆ ಇನ್ನು 2,700 ಕಿಲೋಮೀಟರ್ ಮಾತ್ರ ಬಾಕಿ ಇತ್ತು.

ಎಂಟೂವರೆಗೆ ದೇವನಹಳ್ಳಿಯಲ್ಲಿ ಇಳಿದೆ. ಒಂಬತ್ತೂವರೆಗೆ ಹೊರಗೆ ಬಂದೆ. ನಮ್ಮೂರು 350 ಕಿಲೋಮೀಟರ್, ಏಳು ಗಂಟೆ. ನಾಲ್ಕೂವರೆಗೆ ಮನೆ ಮುಟ್ಟಿದಾಗ ಅಂಗಳದಲ್ಲಿ ಊರಿಗೆ ಊರೇ ಕಾಯುತ್ತಿತ್ತು. ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಹಿರಿಯರು ಹೇಳಿದ್ದರಂತೆ, ಆದರೂ ಹೊರಡದೆ ನನಗಾಗಿ ನಿಂತಿದ್ದರು. ಅವತ್ತು ನಿಂತಿದ್ದ ಹಲವರು ಇವತ್ತು ಇಲ್ಲಿದ್ದೀರಿ. ಆಗ ಹೇಳಲು ಆಗಿರಲಿಲ್ಲ. ನಿಮ್ಮ ಋಣ ನನ್ನ ಮೇಲಿದೆ.

ತಿಥಿ ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆ. ಅಮ್ಮನ ಕರೆಯಿಂದ ಮನೆಯ ಅಂಗಳದವರೆಗೆ ಒಟ್ಟು 57 ಗಂಟೆ. ಇದರಲ್ಲಿ ವಿಮಾನ ಗಾಳಿಯಲ್ಲಿದ್ದದ್ದು ಹತ್ತಿರ ಹತ್ತಿರ 20 ಗಂಟೆ. ದುಬೈ ಮೇಲೆ ಬಂದದ್ದಕ್ಕೆ ದಾರಿ 15,700 ಕಿಲೋಮೀಟರ್ ಆಯಿತು, ನೇರ ದಾರಿಗಿಂತ 1,700 ಹೆಚ್ಚು. ಅದು ಬರೀ ಎರಡು ಗಂಟೆಯ ಹಾರಾಟ. ಉಳಿದ 37 ಗಂಟೆ ಎಲ್ಲಿ ಹೋಯಿತು? ದುಬೈಯಲ್ಲಿ ಕಾದದ್ದು 7. ಬೆಂಗಳೂರಿನಲ್ಲಿ ಪಾಸ್‌ಪೋರ್ಟು, ಬ್ಯಾಗು ಎಂದು 1. ರಸ್ತೆಯಲ್ಲಿ 7. ಭಾವನ ಕರೆಯಿಂದ ವಿಮಾನ ಏಳುವವರೆಗೆ 11. ಅಮ್ಮನ ಕರೆಯಿಂದ ಭಾವನ ಕರೆಯವರೆಗೆ 11. ಕೂಡಿ ನೋಡಿ, ಸರಿ ಬರುತ್ತದೆ.

ಆ ಕೊನೆಯ ಹನ್ನೊಂದು ಗಂಟೆ ಯಾವ ವಿಮಾನದ್ದೂ ಅಲ್ಲ, ಯಾವ ಗಾಳಿಯದೂ ಅಲ್ಲ. ಸಿಂಗಪುರದ ವಿಮಾನ ಹತ್ತಿದ್ದರೆ ಶನಿವಾರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಬೆಂಗಳೂರು, ರಾತ್ರಿ ಹತ್ತಕ್ಕೆ ಶಿವಮೊಗ್ಗದ ಆಸ್ಪತ್ರೆ. ನಾಲ್ಕು ಗಂಟೆ ಸಿಗುತ್ತಿತ್ತು. ಅವರಿಗೆ ಪ್ರಜ್ಞೆ ಇರುತ್ತಿರಲಿಲ್ಲ, ಅದು ನಿಜ. ಆದರೂ ನಾಲ್ಕು ಗಂಟೆ.

ಎರಡು ವರ್ಷದ ಮೇಲೆ, 2021ರ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹಾರಿತು. ಹುಡುಗಿಯರು ಇದನ್ನು ಕೇಳಿ: ಅದನ್ನು ನಡೆಸಿದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮೂವರು ಮಹಿಳಾ ಪೈಲಟ್‌ಗಳು. ಕಾಕ್‌ಪಿಟ್‌ನಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಎದ್ದು, ಉತ್ತರ ಧ್ರುವದ ದಾರಿಯಾಗಿ ಬಂದು, 11ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ ಬೆಂಗಳೂರಿನಲ್ಲಿ ಇಳಿಯಿತು. ಪಂಚಾಂಗ ನೋಡಿದರೆ ಎರಡು ದಿನ, ನಿಜವಾಗಿ ಸುಮಾರು ಹದಿನೇಳು ಗಂಟೆ. ಆ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕಿನಲ್ಲಿ 1 ಲಕ್ಷ 80 ಸಾವಿರ ಲೀಟರ್ ಇಂಧನ ಹಿಡಿಯುತ್ತದೆ. ನಮ್ಮ ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿಗಳು ಹದಿನೈದು. ಅದರಲ್ಲಿ ಒಂದು ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ!

ಪತ್ರಿಕೆಯಲ್ಲಿ ಅದನ್ನು ಓದಿದವನೇ ನಾನು ಮಾಡಿದ ಕೆಲಸ, ಆ ವೇಳಾಪಟ್ಟಿಯನ್ನು 2018ರ ಡಿಸೆಂಬರಿಗೆ ಇಟ್ಟು ನೋಡಿದ್ದು. ಭಾವನ ಕರೆ ಬಂದ ದಿನ ರಾತ್ರಿ ಎಂಟೂವರೆಗೆ ಇಂಥ ವಿಮಾನ ಹತ್ತಿದ್ದರೆ? ಬೆಂಗಳೂರು ಮುಟ್ಟುತ್ತಿದ್ದದ್ದು ಭಾನುವಾರ ಬೆಳಗಿನ ಜಾವ ಮೂರಕ್ಕೆ. ಅಪ್ಪಯ್ಯ ಹೋಗಿ ಒಂದು ಗಂಟೆ ಆಗಿರುತ್ತಿತ್ತು. ಪ್ರಪಂಚದ ಅತಿ ಉದ್ದದ ನೇರ ಹಾರಾಟಗಳಲ್ಲಿ ಒಂದು ನನ್ನ ಮನೆ ಬಾಗಿಲಿಗೆ ಬಂದಿದ್ದರೂ ಆ ಹನ್ನೊಂದು ಗಂಟೆಯನ್ನು ಅದು ತುಂಬಿಕೊಡುತ್ತಿರಲಿಲ್ಲ.

2022ರಲ್ಲಿ ಬೆಂಗಳೂರಿಗೆ ವಾಪಸು ಬಂದೆ. ಅಮ್ಮನಿಗಾಗಿ ಬಂದ ಎಂದು ಊರಿನಲ್ಲಿ ಹೇಳುತ್ತಾರೆ, ಕೇಳಲು ಚೆನ್ನಾಗಿದೆ. ವೀಸಾದ ತಾಪತ್ರಯವೂ ಇತ್ತು, ಮಗಳ ಶಾಲೆಯ ಪ್ರಶ್ನೆಯೂ ಇತ್ತು. ಈಗ ಅಮ್ಮನಿಗೂ ನನಗೂ ಬರೀ 350 ಕಿಲೋಮೀಟರ್. 2023ರ ಆಗಸ್ಟ್ 31ರಿಂದ ಶಿವಮೊಗ್ಗಕ್ಕೂ ವಿಮಾನ ಶುರುವಾಯಿತು. ಬೆಂಗಳೂರು ನಿಲ್ದಾಣದಿಂದ ಸೋಗಾನೆಯ ನಿಲ್ದಾಣಕ್ಕೆ ಗೆರೆ ಎಳೆದರೆ 240 ಕಿಲೋಮೀಟರ್ ಅಷ್ಟೇ. ಹಾರಾಟ ಒಂದು ಗಂಟೆ. ಒಂದು ಸಲ ಹುಮ್ಮಸ್ಸಿನಿಂದ ಬಂದೆ. ನನ್ನ ಮನೆಯಿಂದ ದೇವನಹಳ್ಳಿಗೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಅಲ್ಲಿ ಮುಂಚೆಯೇ ಹೋಗಿ ಕಾಯುವುದು ಒಂದೂವರೆ, ಹಾರಾಟ ಒಂದು, ಇಳಿದು ಹೊರಬರಲು ಅರ್ಧ. ಐದು ಗಂಟೆ. ಜನಶತಾಬ್ದಿ ರೈಲೂ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ ಐದು ಗಂಟೆಯಲ್ಲೇ ತರುತ್ತದೆ, ಮದ್ದೂರು ವಡೆ ತಿಂದುಕೊಂಡು ಬರಬಹುದು.

ಹತ್ತಿರ ಇದ್ದೀಯಲ್ಲ, ವಾರವಾರ ಬರುತ್ತೀಯಾ ಎಂದು ಕೇಳಬೇಡಿ. ಕಳೆದ ವರ್ಷ ನಾನು ಬಂದದ್ದು ಏಳು ಸಲ. ಎಣಿಸಿದ್ದೇನೆ. ಅಮ್ಮ ಈಗಲೂ ಫೋನಿನಲ್ಲಿ "ಅವಸರ ಇಲ್ಲ, ಪುರುಸೊತ್ತಾದಾಗ ಬಾ" ಎನ್ನುತ್ತಾರೆ. ಕೆಲವು ಸಲ ನಾನು ಅದನ್ನು ಈಗಲೂ ಅಕ್ಷರಕ್ಕೆ ಅಕ್ಷರ ನಂಬುತ್ತೇನೆ. ಮೊನ್ನೆ ರಾತ್ರಿ ಸಿಂಗಪುರದ ವಿಮಾನದ ವಿಷಯ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ನಾನೇ ಬಾ ಅನ್ನಬೇಕಿತ್ತು" ಎಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ.

ನಮ್ಮ 2004ರ ತಂಡದಿಂದ ಶಾಲೆಗೆ ಒಂದು ಗ್ಲೋಬ್ ತಂದಿದ್ದೇವೆ. ಕಾಲು ಗಟ್ಟಿಯಾಗಿದೆ, ಯಾರೂ ಹೊಟ್ಟೆಗೆ ಆತುಕೊಂಡು ನಿಲ್ಲಬೇಕಾಗಿಲ್ಲ. ವ್ಯಾಸ 30 ಸೆಂಟಿಮೀಟರ್, ಆದ್ದರಿಂದ ಸುತ್ತಳತೆ ಸುಮಾರು 94. ಅದು 40,000 ಕಿಲೋಮೀಟರಿಗೆ ಸಮ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆದು ಸ್ಕೇಲಿನ ಮೇಲೆ ಇಟ್ಟರೆ 33 ಸೆಂಟಿಮೀಟರ್ ಬರಬೇಕು. ನಾನು ಹೇಳಿದೆ ಎಂದು ನಂಬಬೇಡಿ, ಅಳೆದು ನೋಡಿ. ನನಗೆ ಒಮ್ಮೆ 5,170 ಬಂದಿತ್ತು.

ನಿಮ್ಮಲ್ಲಿ ಬಹಳ ಜನರ ಮನೆಯವರು ಹೊರಗೆ ಇದ್ದಾರೆ. ಅಣ್ಣ ದುಬೈಯಲ್ಲಿ, ಚಿಕ್ಕಪ್ಪ ಕುವೈತಿನಲ್ಲಿ, ಅಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ. ಮೊದಲು ಆ ಊರಿಗೆ ದಾರ ಎಳೆಯಿರಿ. ಕಿಲೋಮೀಟರ್ ಒಂದು ಕಾಲಂನಲ್ಲಿ ಬರೆಯಿರಿ. ಪಕ್ಕದ ಕಾಲಂನಲ್ಲಿ, ಇವತ್ತು ಕರೆದರೆ ಅವರು ನಿಮ್ಮ ಮನೆ ಬಾಗಿಲಿಗೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಎಂದು ಅವರನ್ನೇ ಫೋನಿನಲ್ಲಿ ಕೇಳಿ ಬರೆಯಿರಿ. ಬಸ್ಸು, ರೈಲು, ಕಾಯುವುದು, ರಜೆ ಸಿಗುವುದು, ಎಲ್ಲ ಸೇರಿಸಿ. ಸೋಮವಾರ ಮೇಷ್ಟ್ರಿಗೆ ತೋರಿಸಿ.

ದಾರ ಇಲ್ಲಿ ಮೇಜಿನ ಮೇಲಿದೆ. ಚೀಲ ಹೊಲಿಯುವ ದಾರವೇ. ಯಾರು ಮೊದಲು ಬರುತ್ತೀರಿ? ಹಿಂದಿನ ಸಾಲಿನಲ್ಲಿ ಕೈ ಎತ್ತಿದೆಯಲ್ಲ, ನೀನೇ ಬಾರಮ್ಮ. ಯಾವ ಊರು?